ಕೋಣದ ಗಾಡಿಯಲ್ಲಿ ಘಟ್ಟದ ಮೇಲಿನ ರಾತ್ರಿ

ಕಂಬಳದ ಕೋಣಗಳನ್ನು ಸಾಗಿಸುವ ಗಾಡಿಯಲ್ಲಿ ರಾತ್ರಿ ಮಲಗುವುದು ಉಡುಪಿ, ಮಂಗಳೂರು ಕಡೆಯವರಿಗೆ ಹೊಸ ಸಂಗತಿಯೇನಲ್ಲ. ಒಂದು ಕೂಟದ ಓಟಗಳು ಹಗಲು ಆರಂಭವಾಗಿ ಮರುದಿನದವರೆಗೂ ಎಳೆಯುವುದರಿಂದ, ಕೋಣಗಳ ಆರೈಕೆಗೆ ಬಂದವರು ತಮ್ಮ ಸರದಿಯ ನಡುವೆ ಸಿಕ್ಕ ಹೊತ್ತಿನಲ್ಲಿ ಗಾಡಿಯ ಬೈಹುಲ್ಲಿನ ಮೇಲೆ ಒಂದಿಷ್ಟು ಕಣ್ಣು ಮುಚ್ಚುತ್ತಾರೆ. ಆದರೆ ಅದು ಕರಾವಳಿಯ ರಾತ್ರಿ. ಇಲ್ಲಿ ಜನವರಿಯಲ್ಲೂ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಹೆಗಲ ಮೇಲಿನ ಬೈರಾಸನ್ನೇ ಹೊದ್ದು ಬೆಳಗು ಮಾಡಬಹುದು. ಅದೇ ಗಾಡಿಯನ್ನು ಚಾರ್ಮಾಡಿ ಹತ್ತಿಸಿ ಕೊಟ್ಟಿಗೆಹಾರದ ಆಚೆ ನಿಲ್ಲಿಸಿದರೆ ಲೆಕ್ಕ ಬೇರೆಯಾಗುತ್ತದೆ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು ಆರೂವರೆ ಡಿಗ್ರಿಯಷ್ಟು ತಣ್ಣಗಾಗುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲವೂ ಗಾಡಿಯ ಕಬ್ಬಿಣವೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಇನ್ನಷ್ಟು ತಣಿಯುತ್ತವೆ. ಬೆಳಗಿನ ಜಾವ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುವುದು ಅಲ್ಲಿ ವಿಶೇಷವಲ್ಲ. 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದು ನಮ್ಮ ಕೋಣಗಳು ಘಟ್ಟ ಹತ್ತಿದ ಮೇಲಂತೂ, ಕೋಣದ ಗಾಡಿಯಲ್ಲಿ ಬೆಚ್ಚಗಿರುವುದು ಹೇಗೆಂಬ ಪ್ರಶ್ನೆ ಊರಿನ ಮಾತುಕತೆಯಲ್ಲಿ ಆಗಾಗ ಬರುತ್ತಿದೆ.

ನಾನು ಕೋಣ ಸಾಕುವವನಲ್ಲ. ಸಾಕುವವನು ಕಾರ್ಕಳದ ಕಡೆ ಇರುವ ಅಣ್ಣ. ಕಂಬಳವಿಲ್ಲದ ವಾರಾಂತ್ಯಗಳಲ್ಲಿ ಅವನ ಗಾಡಿ ಖಾಲಿ ನಿಂತಿರುತ್ತದೆ. ಅದನ್ನು ತೊಳೆದು ಒಣಗಿಸಿ, ಮೂಡಿಗೆರೆ ತಾಲ್ಲೂಕಿನಲ್ಲಿರುವ ಭಾವನವರ ಕಾಫಿ ತೋಟದ ಮೇಲ್ಭಾಗಕ್ಕೆ ಒಯ್ದು ನಿಲ್ಲಿಸಿ, ಅದರಲ್ಲೇ ಮಲಗುವ ಹುಚ್ಚು ನಮಗಿಬ್ಬರಿಗೂ ಇದೆ. ಕೆಳಗಿನ ಮನೆಯಲ್ಲಿ ಹಾಸಿಗೆ, ಹಂಡೆಯಲ್ಲಿ ಬಿಸಿನೀರು ಎಲ್ಲವೂ ಇರುವಾಗ ಇದೆಂಥ ಚಟವೆಂದು ಅಕ್ಕ ಕೇಳುತ್ತಾಳೆ, ಅದಕ್ಕೆ ನಮ್ಮಲ್ಲಿ ತಕ್ಕ ಉತ್ತರವಿಲ್ಲ. ಗಾಡಿ ನಿಲ್ಲುವ ಜಾಗದಲ್ಲಿ ವಿದ್ಯುತ್ ಇಲ್ಲ. ಗಾಡಿಯ ಒಡಲು ಕಬ್ಬಿಣದ್ದು. ನೆಲಕ್ಕೆ ಮರದ ಹಲಗೆ, ಅದರ ಮೇಲೆ ಕೋಣದ ಗೊರಸು ಜಾರದಂತೆ ಹಾಸಿದ ದಪ್ಪ ರಬ್ಬರ್ ಮ್ಯಾಟ್. ಮೇಲೆ ಕಮಾನಿನ ಸರಳುಗಳಿಗೆ ಕಟ್ಟಿದ ಟರ್ಪಾಲು.

ಅಮೆರಿಕದಲ್ಲಿ ಕುದುರೆ ಸವಾರರು ಇದೇ ರೀತಿ ಕುದುರೆ ಸಾಗಿಸುವ ಟ್ರೈಲರ್‌ನಲ್ಲಿ ರಾತ್ರಿ ಕಳೆಯುತ್ತಾರೆ. ಅಲ್ಲಿನ ದುಬಾರಿ ಟ್ರೈಲರ್‌ಗಳ ಮುಂಭಾಗದಲ್ಲಿ ಹಾಸಿಗೆ, ಒಲೆ, ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುವ ಹೀಟರು, ಎಲ್ಲವೂ ಇರುವ ಕೋಣೆಯೇ ಇರುತ್ತದೆ. ಸಾಮಾನ್ಯ ಟ್ರೈಲರ್ ಇರುವವರು ಮಾತ್ರ ಕುದುರೆಯನ್ನು ಹೊರಗೆ ಕಟ್ಟಿ, ಅದು ನಿಲ್ಲುತ್ತಿದ್ದ ಜಾಗವನ್ನೇ ಗುಡಿಸಿ ಮಲಗುತ್ತಾರೆ. ಅವರಿಗೂ ನಮಗೂ ಇರುವ ತೊಡಕು ಒಂದೇ: ಶಾಖವನ್ನು ಹಿಡಿದಿಡದ ಲೋಹದ ಗೋಡೆ, ತಣ್ಣನೆಯ ರಬ್ಬರ್ ನೆಲ, ಪ್ರಾಣಿಗೆಂದು ಮಾಡಿದ, ಮನುಷ್ಯನಿಗೆ ಬೇಕಾದದ್ದಕ್ಕಿಂತ ದೊಡ್ಡದಾದ ಒಡಲು. ಅಷ್ಟು ಜಾಗವನ್ನೆಲ್ಲ ಬಿಸಿ ಮಾಡಲು ಹೊರಡುವುದೇ ಅಪಾಯದ ಮೊದಲ ಹೆಜ್ಜೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿಯಾಗಬೇಕಾದದ್ದು ಮಲಗಿದವನ ಮೈ ಮತ್ತು ಅದರ ಸುತ್ತಲಿನ ನಾಲ್ಕು ಬೆರಳಿನ ಗಾಳಿ ಮಾತ್ರ. ಗಾಡಿ ತಣ್ಣಗೇ ಇರಲಿ.

ಘಟ್ಟದ ಚಳಿಗೆ ಒಣಗಿದ ಬಟ್ಟೆಯಲ್ಲಿ, ಗಾಳಿ ತಾಗದ ಕಡೆ ಮಲಗಿದ ಆರೋಗ್ಯವಂತನೊಬ್ಬ ಪ್ರಾಣ ಕಳೆದುಕೊಳ್ಳುವುದಿಲ್ಲ. ಹೆಚ್ಚೆಂದರೆ ನಿದ್ದೆ ಕೆಡುತ್ತದೆ, ಬೆಳಿಗ್ಗೆ ಸೊಂಟ ಹಿಡಿದಿರುತ್ತದೆ. ಆದರೆ ಚಳಿಯೆಂದು ಮುಚ್ಚಿದ ಜಾಗಕ್ಕೆ ಕೆಂಡ ತಂದಿಟ್ಟುಕೊಂಡವರು ಬೆಳಿಗ್ಗೆ ಏಳದೆ ಹೋದ ಸುದ್ದಿಯನ್ನು ಚಳಿಗಾಲ ಬಂತೆಂದರೆ ದೇಶದ ಒಂದಲ್ಲ ಒಂದು ಮೂಲೆಯಿಂದ ಪತ್ರಿಕೆಗಳಲ್ಲಿ ಓದುತ್ತೇವೆ. ನಮ್ಮ ಕರಾವಳಿಯವರಿಗೆ ಈ ವಿಷಯದಲ್ಲಿ ಒಂದು ವಿಶೇಷ ಪ್ರಲೋಭನೆ ಇದೆ, ಅದು ಗೆರಟೆ ಕೆಂಡ. ತೆಂಗಿನ ಗೆರಟೆಯ ಕೆಂಡ ಕಟ್ಟಿಗೆಯ ಕೆಂಡಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಹೊಗೆಯಾಡುವುದಿಲ್ಲ, ಹಳೆಯ ಬಾಣಲೆಯೊಂದರಲ್ಲಿ ಸುಲಭವಾಗಿ ಎತ್ತಿಕೊಂಡು ಹೋಗಬಹುದು. ಹೊಗೆಯೇ ಇಲ್ಲವೆಂದ ಮೇಲೆ ಇನ್ನೇನು ಭಯ ಎಂದು ಓದಿದವರೂ ಕೇಳುವುದನ್ನು ನಾನು ನೋಡಿದ್ದೇನೆ.

ಹೊಗೆ ಇಲ್ಲದಿರುವುದೇ ಇಲ್ಲಿ ಮೋಸ. ಕೆಂಡದ ರಾಶಿಯ ತಳದಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಮೇಲಿನ ಕಾದ ಇದ್ದಿಲಿನ ನಡುವೆ ಹಾದು ಬರುವಾಗ ಅದರಿಂದ ಇನ್ನೊಂದಿಷ್ಟು ಇಂಗಾಲವನ್ನು ಕಸಿದುಕೊಂಡು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಹೊಸ ಕೆಂಡದ ಮೇಲೆ ಆಗಾಗ ಕಾಣುವ ನೀಲಿ ನಾಲಿಗೆ ಈ ಅನಿಲ ಉರಿಯುವ ಜ್ವಾಲೆ. ಅಂದರೆ ನೀಲಿ ಉರಿ ಕಾಣುವಷ್ಟು ಹೊತ್ತು ಅನಿಲದ ಒಂದು ಪಾಲಾದರೂ ಸುಟ್ಟುಹೋಗುತ್ತಿರುತ್ತದೆ. ಕೆಂಡದ ಮೇಲೆ ಬೂದಿ ಕವಿದು, ಉರಿ ಅಡಗಿ, ಇನ್ನು ಭಯವಿಲ್ಲವೆಂದು ನಾವು ಅದನ್ನು ಒಳಗೆ ತಂದಿಟ್ಟ ಹೊತ್ತಿಗೆ ಅದು ಸುಡದೆ ಹಾಗೆಯೇ ಹೊರಬರುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿ ಕೆಮ್ಮುಗಳಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕೆ ಅಂಟಿಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆ ತಿರುಗುವಿಕೆ, ವಾಕರಿಕೆ ಇದರ ಆರಂಭದ ಲಕ್ಷಣಗಳು. ನಿದ್ದೆಯಲ್ಲಿರುವವನಿಗೆ ಅವು ಗೊತ್ತಾಗುವುದಿಲ್ಲ, ಎಚ್ಚರವಿದ್ದವನು ಘಾಟಿಯ ತಿರುವುಗಳ ಪರಿಣಾಮ ಎಂದುಕೊಂಡು ಮಗ್ಗುಲು ಬದಲಿಸುತ್ತಾನೆ.

ಎಷ್ಟು ಕೆಂಡ ಸಾಕು ಎಂಬುದನ್ನು ನಾನು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ನಮ್ಮ ಗಾಡಿಯ ಒಡಲಿನಲ್ಲಿ ಸುಮಾರು 16 ಘನ ಮೀಟರ್ ಗಾಳಿ ಹಿಡಿಯುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಮಾನಾಕ್ಸೈಡ್ 400 ಪಾಲಾದರೆ (ಇದನ್ನೇ 400 ಪಿಪಿಎಂ ಎನ್ನುತ್ತಾರೆ) ಒಂದೆರಡು ಗಂಟೆಯಲ್ಲಿ ತಲೆ ಸಿಡಿಯಲಾರಂಭಿಸುತ್ತದೆ, ಮೂರು ಗಂಟೆ ದಾಟಿದರೆ ಜೀವಕ್ಕೇ ಅಪಾಯ. ಟರ್ಪಾಲನ್ನು ಪೂರ್ತಿ ಬಿಗಿದು ಮುಚ್ಚಿದ ನಮ್ಮ ಗಾಡಿಯಲ್ಲಿ ಆ ಮಟ್ಟ ಮುಟ್ಟಲು ಏಳೆಂಟು ಗ್ರಾಂ ಅನಿಲ ಸಾಕು, ಅಷ್ಟು ಅನಿಲದಲ್ಲಿರುವ ಇಂಗಾಲ ಮೂರ್ನಾಲ್ಕು ಗ್ರಾಂ ಮಾತ್ರ. ಇದ್ದಿಲಾದ ಗೆರಟೆಯ ಒಂದು ಚೂರಿನಲ್ಲಿ ಅಷ್ಟು ಇಂಗಾಲ ಇರುತ್ತದೆ. ಉರಿದ ಇದ್ದಿಲೆಲ್ಲ ಮಾನಾಕ್ಸೈಡ್ ಆಗುವುದಿಲ್ಲ ಎಂಬುದು ನಿಜ, ಆದರೆ ಯಾರೂ ಒಂದೇ ಚೂರನ್ನು ಬಾಣಲೆಗೆ ಹಾಕಿಕೊಂಡು ಬರುವುದಿಲ್ಲ ಎಂಬುದೂ ಅಷ್ಟೇ ನಿಜ.

ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಂದು ಬಹಳ ಮನೆಗಳ ಕಪಾಟಿನಲ್ಲಿದೆ. ಅದನ್ನು ಜೊತೆಗೆ ಒಯ್ದರೆ ಸಾಕಲ್ಲ ಎಂದು ಅಣ್ಣನ ಮಗ ಕೇಳಿದ್ದ. ಸಾಲದು ಮಾತ್ರವಲ್ಲ, ಅದು ದಾರಿ ತಪ್ಪಿಸುತ್ತದೆ. ಮಾನಾಕ್ಸೈಡ್ ಹಿಡಿದ ರಕ್ತವೂ ಕೆಂಪಗೇ ಇರುವುದರಿಂದ, ಬೆಳಕಿನಿಂದ ಅಳೆಯುವ ಆ ಸಾಮಾನ್ಯ ಉಪಕರಣಕ್ಕೆ ಆಮ್ಲಜನಕಕ್ಕೂ ಇದಕ್ಕೂ ಭೇದ ತಿಳಿಯುವುದಿಲ್ಲ. ಉಸಿರು ಕಟ್ಟುತ್ತಿರುವವನ ಬೆರಳಿನಲ್ಲೂ ಅದು 97, 98 ಎಂದು ತೋರಿಸಬಲ್ಲದು. ಬೇಕಾದದ್ದು ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುಎಲ್‌ನ ಮಾನದಂಡದ ಅಲಾರಂ 400 ಪಿಪಿಎಂ ಮಟ್ಟದಲ್ಲಿ 4ರಿಂದ 15 ನಿಮಿಷದೊಳಗೆ ಕೂಗಲೇಬೇಕು, 70 ಪಿಪಿಎಂ ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ. ಈ ಅನಿಲದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ ಇರುವುದರಿಂದ ಎಲ್ಲ ಕಡೆ ಬೆರೆತಿರುತ್ತದೆ. ನಾವು ಅಲಾರಂ ಅನ್ನು ತಲೆಯ ಹತ್ತಿರ, ಮಲಗಿದವರ ಎತ್ತರದಲ್ಲೇ ತೂಗುಹಾಕುತ್ತೇವೆ. ಬೆಂಕಿಯನ್ನೇ ಒಳಗೆ ತರುವುದಿಲ್ಲವೆಂದ ಮೇಲೆ ಅಲಾರಂ ಏಕೆಂದು ಕೇಳಬಹುದು. ಪಕ್ಕದಲ್ಲಿ ಇನ್ನೊಂದು ವಾಹನ ಬಂದು ಎಂಜಿನ್ ಚಾಲೂ ಇಟ್ಟು ನಿಂತರೆ ಅದರ ಹೊಗೆ ನಮ್ಮ ಟರ್ಪಾಲಿನ ಸಂದಿಯಿಂದ ನುಗ್ಗಬಹುದು. ಮುಂದಿನ ಕ್ಯಾಬಿನ್‌ನಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ಹೀಟರ್ ಹಾಕಿ ಮಲಗುವ ಡ್ರೈವರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನಿಂತ ಗಾಡಿಯಲ್ಲಿ ಎಂಜಿನ್ ಓಡಿಸಿಕೊಂಡು ನಿದ್ದೆ ಮಾಡಬಾರದು.

ಗ್ಯಾಸ್ ಹೀಟರಿನ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಅಮೆರಿಕದವರ ವಿಡಿಯೊಗಳನ್ನು ನೋಡಿ ನಮ್ಮ ಹುಡುಗರೂ ಅದನ್ನು ತರಿಸಿಕೊಳ್ಳತೊಡಗಿದ್ದಾರೆ. ಆ ಹೀಟರುಗಳಲ್ಲಿ ಗಾಳಿಯ ಆಮ್ಲಜನಕ ಸುಮಾರು 18 ಶೇಕಡಕ್ಕೆ ಇಳಿದರೆ ತಾನೇ ಆರಿಹೋಗುವ ವ್ಯವಸ್ಥೆ ಇರುತ್ತದೆ. ಅದು ಒಳ್ಳೆಯದೇ, ಆದರೆ ಅದು ಮಾನಾಕ್ಸೈಡನ್ನು ಅಳೆಯುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಡುತ್ತದೆ, ನಾವು ಮಲಗುವುದೂ ನೆಲದಲ್ಲೇ. ಇನ್ನೊಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ: ಒಂದು ಕಿಲೊ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೊಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅದೆಲ್ಲ ತಣ್ಣನೆಯ ಟರ್ಪಾಲಿಗೆ ತಾಗಿ ನೀರಾಗಿ ಹಾಸಿಗೆಗೇ ತೊಟ್ಟಿಕ್ಕುತ್ತದೆ. ಮೇಣದ ಬತ್ತಿ, ಲಾಟೀನು ಇವೂ ಬೇಡ. ಸೊಳ್ಳೆ ಬತ್ತಿಯಂತೂ ಬೇಡವೇ ಬೇಡ. ನಮ್ಮ ಊರಿನವರಿಗೆ ಅದನ್ನು ಹಚ್ಚದೆ ನಿದ್ದೆ ಬರುವುದಿಲ್ಲವೆಂಬುದು ಗೊತ್ತು, ಆದರೆ ಬೈಹುಲ್ಲು ಹಾಸಿದ ಗಾಡಿಯಲ್ಲಿ ರಾತ್ರಿಯಿಡೀ ಕೆನ್ನಗೆ ಕಾಯುವ ಆ ತುದಿ ಉರುಳಿ ಬಿದ್ದರೆ ಹಿಂಬಾಗಿಲಿನ ಸರಪಳಿ ಬಿಚ್ಚುವಷ್ಟು ಸಮಯವೂ ಸಿಗಲಾರದು. ಬೆಳಕಿಗೆ ಟಾರ್ಚು, ಸೊಳ್ಳೆಗೆ ಪರದೆ.

ಇಷ್ಟೆಲ್ಲ ಬೇಡವೆಂದ ಮೇಲೆ ಬೆಚ್ಚಗಿರುವುದು ಹೇಗೆ? ಉತ್ತರದ ಬಹುಪಾಲು ಬೆನ್ನಿನ ಕೆಳಗಿದೆ. ಹೊದಿಕೆಯ ಮೇಲೆ ಹೊದಿಕೆ ಹೇರಿಕೊಂಡು ಹಾಸನ್ನು ಮರೆಯುವುದು ಎಲ್ಲರ ಅಭ್ಯಾಸ. ಹೊದಿಕೆಯನ್ನು ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಅಲುಗದೆ ನಿಂತ ಗಾಳಿ. ಮೈಭಾರಕ್ಕೆ ಒತ್ತಿಹೋದ ಹಾಸಿನಲ್ಲಿ ಆ ಗಾಳಿ ಉಳಿಯುವುದಿಲ್ಲ, ಮೈಯ ಶಾಖ ನೇರವಾಗಿ ರಬ್ಬರಿಗೂ ಹಲಗೆಗೂ ಇಳಿದುಹೋಗುತ್ತದೆ. ಆದ್ದರಿಂದ ಒತ್ತಿದರೂ ಪೂರ್ತಿ ಚಪ್ಪಟೆಯಾಗದ ವಸ್ತು ಕೆಳಗಿರಬೇಕು. ಬೈಹುಲ್ಲಿನ ಕಡ್ಡಿ ಟೊಳ್ಳಾಗಿರುವುದರಿಂದ ಈ ಕೆಲಸಕ್ಕೆ ಅದಕ್ಕಿಂತ ಅಗ್ಗದ, ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ.

ಅಣ್ಣನ ಕೋಣಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರು ಹುಲ್ಲು ಹಾಸುವುದನ್ನು ನೋಡಬೇಕು. ಮೊದಲು ರಬ್ಬರ್ ಮ್ಯಾಟಿನ ಮೇಲೆ ಅಂಗೈ ಒತ್ತಿ ಪಸೆ ಇದೆಯೇ ಎಂದು ಪರೀಕ್ಷಿಸುತ್ತಾರೆ. ಇದ್ದರೆ ಮ್ಯಾಟನ್ನೇ ಎತ್ತಿ ಬಿಸಿಲಿಗೆ ಒರಗಿಸುತ್ತಾರೆ. ಆಮೇಲೆ ಹುಲ್ಲಿನ ಕಟ್ಟುಗಳನ್ನು ಬಿಚ್ಚಿ, ಗಾಡಿಯ ಅಡ್ಡಕ್ಕೆ ಒಂದು ಪದರ, ಅದರ ಮೇಲೆ ಉದ್ದಕ್ಕೆ ಒಂದು ಪದರ, ಮತ್ತೆ ಅಡ್ಡಕ್ಕೆ ಎಂದು ಮೊಣಕಾಲುದ್ದ ಬರುವವರೆಗೆ ಹಾಸುತ್ತಾರೆ. ಹಾಗೆ ಹಾಸಿದರೆ ಮಲಗಿದಾಗ ಹುಲ್ಲು ಪಕ್ಕಕ್ಕೆ ಸರಿದು ಬೆನ್ನು ನೆಲಕ್ಕೆ ತಾಗುವುದಿಲ್ಲ. ಸೊಂಟ ಮತ್ತು ಹೆಗಲು ಬರುವ ಕಡೆ ಇನ್ನೊಂದು ಕಟ್ಟು ಹೆಚ್ಚಾಗಿ ಸೇರಿಸುತ್ತಾರೆ. ಅದರ ಮೇಲೆ ತೆಂಗಿನ ನಾರಿನ ಚಾಪೆ, ಚಾಪೆಯ ಮೇಲೆ ಒಂದು ಕಂಬಳಿ. ಯೋಗಾಭ್ಯಾಸಕ್ಕೆ ಬಳಸುವ ಫೋಮ್ ಮ್ಯಾಟ್ ಇದ್ದರೆ ಹುಲ್ಲು ಅರ್ಧಕ್ಕೆ ಸಾಕು. ಮುಗ್ಗಿದ ಹುಲ್ಲು ಮಾತ್ರ ಕೂಡದು, ಅದರ ಬೂಷ್ಟಿನ ದೂಳು ಉಸಿರಿಗೆ ಕೆಟ್ಟದ್ದು. ಹುಲ್ಲು ಸಾಲದೆ ಹೋದರೆ ತೋಟದಂಚಿನ ತರಗೆಲೆ ಗುಡಿಸಿ ತರೋಣವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಮಲೆನಾಡು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗುಗಳಿಂದ, ಅದು ಹೆಚ್ಚುವುದು ಡಿಸೆಂಬರಿನಿಂದ ಬೇಸಗೆಯವರೆಗೆ, ಅಂದರೆ ನಾವು ಚಳಿ ಕಾಯಿಸಲು ಹೋಗುವ ತಿಂಗಳುಗಳಲ್ಲೇ. ತರಗೆಲೆಯನ್ನು ಗಾಡಿಯೊಳಗೆ ತರಬಾರದು.

ಹೊದಿಕೆಗೆ ನನ್ನ ಮತ ಚಳ್ಳಕೆರೆಯ ಕುರಿ ಉಣ್ಣೆ ಕಂಬಳಿಗೆ. ಚುಚ್ಚುತ್ತದೆ, ಭಾರ, ಮೊದಲ ವರ್ಷ ವಾಸನೆಯೂ ಇರುತ್ತದೆ. ಒಳಗೊಂದು ಹತ್ತಿಯ ಹೊದಿಕೆ ಸೇರಿಸಿದರೆ ಚುಚ್ಚುವುದು ತಪ್ಪುತ್ತದೆ. ಉಣ್ಣೆ ತನ್ನ ತೂಕದ ಮೂರನೆಯ ಒಂದರಷ್ಟು ಪಸೆ ಹೀರಿಕೊಂಡ ಮೇಲೂ ಒದ್ದೆ ಎನ್ನಿಸುವುದಿಲ್ಲ, ಬೆಂಕಿಯ ಕಿಡಿ ಬಿದ್ದರೆ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ, ಪಾಲಿಯೆಸ್ಟರಿನಂತೆ ಕರಗಿ ಮೈಗೆ ಅಂಟುವುದಿಲ್ಲ. ಹೊರಗೆ ಬೆಂಕಿ ಕಾಯಿಸಿ ಬಂದು ಮಲಗುವವರಿಗೆ ಇದು ಸಣ್ಣ ವಿಷಯವಲ್ಲ. ಹಗಲು ತೊಟ್ಟ ಬಟ್ಟೆಯಲ್ಲಿ ಬೆವರಿನ ಪಸೆ ಉಳಿದಿರುವುದರಿಂದ ಮಲಗುವ ಮುನ್ನ ಒಣಗಿದ ಅಂಗಿ, ಕಾಲುಚೀಲ ಬದಲಿಸಿಕೊಳ್ಳಬೇಕು. ತಲೆಗೆ ಮಫ್ಲರ್ ಸುತ್ತಿಕೊಳ್ಳಿ, ಆದರೆ ಮೂಗು ಬಾಯಿಗಳನ್ನು ಕಂಬಳಿಯೊಳಗೆ ಹುದುಗಿಸಬೇಡಿ. ಉಸಿರಿನ ಪಸೆಯೇ ಕಂಬಳಿಯನ್ನು ಒದ್ದೆ ಮಾಡುತ್ತದೆ.

ಟರ್ಪಾಲನ್ನು ಪೂರ್ತಿ ಮುಚ್ಚಬಾರದೆಂಬುದಕ್ಕೂ ಇದೇ ಕಾರಣ. ಒಬ್ಬ ಮನುಷ್ಯ ರಾತ್ರಿಯಲ್ಲಿ ಒಂದು ಲೋಟದಷ್ಟು ನೀರನ್ನು ಉಸಿರಿನಲ್ಲೇ ಹೊರಬಿಡುತ್ತಾನೆ. ಮೂವರು ಮಲಗಿ ಎಲ್ಲ ಸಂದಿಗಳನ್ನೂ ಬಿಗಿದರೆ ಬೆಳಗಿನ ಜಾವ ಕಮಾನಿನ ಸರಳುಗಳಿಂದ ಹನಿ ಉದುರತೊಡಗುತ್ತದೆ. ನಾವು ಹಿಂಬಾಗಿಲಿನ ತಳದಲ್ಲಿ ಒಂದು ಗೇಣು, ಮುಂಭಾಗದ ಮೇಲ್ತುದಿಯಲ್ಲಿ ಒಂದು ಗೇಣು ತೆರೆದೇ ಇಡುತ್ತೇವೆ; ಕೆಳಗಿನಿಂದ ಒಳಬಂದ ಗಾಳಿ ಪಸೆಯನ್ನು ಎತ್ತಿಕೊಂಡು ಮೇಲಿನಿಂದ ಹೋಗುತ್ತದೆ. ಗಾಳಿ ನೇರವಾಗಿ ಮೈಗೆ ತಾಗದಂತೆ ಸೊಳ್ಳೆ ಪರದೆಯ ಸುತ್ತ, ಮೇಲ್ಭಾಗ ಬಿಟ್ಟು, ಹಳೆಯ ಬೆಡ್‌ಶೀಟುಗಳನ್ನು ಇಳಿಬಿಡುತ್ತೇವೆ. ದೊಡ್ಡ ಗಾಡಿಯೊಳಗೆ ಚಿಕ್ಕದೊಂದು ಕೋಣೆಯಾಗುತ್ತದೆ, ಕಬ್ಬಿಣದ ಗೋಡೆಗೆ ಮೈ ತಾಗುವುದೂ ತಪ್ಪುತ್ತದೆ.

ಗಾಡಿ ನಿಲ್ಲಿಸುವ ಜಾಗವೂ ಮುಖ್ಯ. ರಾತ್ರಿ ತಣಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಹರಿದು ಗದ್ದೆ ಬಯಲಲ್ಲಿ, ಹಳ್ಳದ ಬದಿಯಲ್ಲಿ ನಿಲ್ಲುತ್ತದೆ. ನೋಡಲು ಚಂದವಾದ ಆ ಹಳ್ಳದ ಬದಿಗಿಂತ ಗುಡ್ಡದ ನಡುಮಟ್ಟ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸುವುದರಿಂದ ಗಾಡಿಯ ಮೂತಿ ಮೂಡಣಕ್ಕಿರಲಿ, ಹಿಂಬಾಗಿಲು ಪಡುವಣಕ್ಕೆ. ಇಳಿಜಾರೆಂದ ಮೇಲೆ ಗಾಲಿಗೆ ಕಲ್ಲು ಕೊಡಲೇಬೇಕು.

ಬೆಂಕಿ ಬೇಕೇ ಬೇಕೆನ್ನುವವರಿಗೆ ಅದು ಹೊರಗಿರಲಿ, ಗಾಡಿಯಿಂದ ದೂರ, ಗಾಳಿ ಬೀಸುವ ದಿಕ್ಕಿನ ಕೆಳಬದಿಯಲ್ಲಿ. ಅಲ್ಲಿಂದ ಒಳಗೆ ತರಬಹುದಾದದ್ದು ಬಿಸಿನೀರು ಮಾತ್ರ. ರಬ್ಬರಿನ ಬಿಸಿನೀರು ಚೀಲಕ್ಕೆ ಕುದಿಯುವ ನೀರು ಹಾಕದೆ, ಸ್ವಲ್ಪ ಆರಿದ ನೀರನ್ನು ಮೂರನೆಯ ಎರಡರಷ್ಟು ತುಂಬಿ, ಉಳಿದ ಗಾಳಿಯನ್ನು ಒತ್ತಿ ತೆಗೆದು ಮುಚ್ಚಳ ಬಿಗಿಯಬೇಕು. ಒಂದೇ ಪದರದ ಸ್ಟೀಲ್ ಬಾಟಲಿಯೂ ಆಗುತ್ತದೆ. ಬಿಸಿಯನ್ನು ಒಳಗೇ ಉಳಿಸಿಕೊಳ್ಳುವ ಥರ್ಮಾಸ್ ಬಾಟಲಿ ಇದಕ್ಕೆ ಪ್ರಯೋಜನವಿಲ್ಲ. ಎರಡು ಲೀಟರ್ ನೀರು 70ರಿಂದ 35 ಡಿಗ್ರಿಗೆ ಇಳಿಯುವಷ್ಟರಲ್ಲಿ 70 ಕಿಲೊಕ್ಯಾಲರಿ ಶಾಖ ಬಿಡುತ್ತದೆ, ಅದು ಮಲಗಿದ ಮನುಷ್ಯನ ಮೈ ಸುಮಾರು ಒಂದು ಗಂಟೆಯಲ್ಲಿ ಬಿಡುವಷ್ಟು. ಇಡೀ ಗಾಡಿಗೆ ಅದು ಲೆಕ್ಕಕ್ಕಿಲ್ಲ, ಕಂಬಳಿಯೊಳಗಿನ ಕಾಲಬುಡಕ್ಕೆ ಧಾರಾಳ. ಚೀಲಕ್ಕೆ ದಪ್ಪ ಬೈರಾಸು ಸುತ್ತದೆ ಇಟ್ಟುಕೊಳ್ಳಬೇಡಿ. ಕೈಗೆ ಹಿತವೆನ್ನಿಸುವ 45 ಡಿಗ್ರಿಯ ಬಿಸಿಯೂ ಒಂದೇ ಕಡೆ ಗಂಟೆಗಟ್ಟಲೆ ತಾಗಿದರೆ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಮಲಗುವ ಮೊದಲೇ ಹಾಸಿಗೆ ಬಿಸಿ ಮಾಡಿಕೊಂಡು ಚೀಲವನ್ನು ಹೊರಗೆ ತೆಗೆದಿಡುವುದು ಲೇಸು.

ಹೊಟ್ಟೆಗೆ ಬಿಸಿ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು. ಕೋಣಕ್ಕೆ ಬೇಯಿಸಿದ ಹುರುಳಿಯ ಕಟ್ಟಿನಲ್ಲೇ ನಮಗೂ ಸಾರಾಗುತ್ತದೆ. ಚಳಿಗೆ ಒಂದು ಗುಟುಕು ಒಳ್ಳೆಯದೆಂಬ ವಾದ ಘಟ್ಟದ ಮೇಲೂ ಕೆಳಗೂ ಚಾಲ್ತಿಯಲ್ಲಿದೆ. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲಿಸಿ ಮೈ ಬಿಸಿಯಾದಂತೆ ತೋರಿಸುತ್ತದೆ, ಆ ಬಿಸಿಯೇ ಹೊರಗೆ ಹೋಗುವ ಬಿಸಿ. ಅಲಾರಂ ಕೂಗಿದರೂ ಎಚ್ಚರವಾಗದಂತೆ ಮಾಡುವುದು ಅದರ ಇನ್ನೊಂದು ಗುಣ.

ಕೋಣಗಳೂ ಜೊತೆಗಿರುವಾಗ ಏನು ಮಾಡಬೇಕೆಂಬುದು ಬೇರೆಯೇ ವಿಷಯ. ದೊಡ್ಡ ಪ್ರಾಣಿಯ ಮೈ ನೂರಾರು ವಾಟ್ ಶಾಖ ಬಿಡುತ್ತಿರುತ್ತದೆ, ಎರಡು ಕೋಣ ನಿಂತ ಗಾಡಿ ಬೆಚ್ಚಗಿರುವುದು ಸಹಜ. ಆ ಆಸೆಗೆ ಅವುಗಳ ಕಾಲಬುಡದಲ್ಲಿ ಮಲಗುವುದೂ ಬೇಡ, ಶಾಖ ಉಳಿಯಲೆಂದು ಟರ್ಪಾಲು ಬಿಗಿಯುವುದೂ ಬೇಡ. ಗಂಜಲದ ಅಮೋನಿಯಾ ಕಟ್ಟಿಕೊಂಡರೆ ಮನುಷ್ಯನ ಶ್ವಾಸಕೋಶಕ್ಕೂ ಕೋಣದ ಶ್ವಾಸಕೋಶಕ್ಕೂ ಕೇಡು, ಓಡಬೇಕಾದ ಪ್ರಾಣಿಗೆ ಅದು ಇನ್ನೂ ಕೇಡು. ಆ ಹಿರಿಯರು ಒಮ್ಮೆ ಅಣ್ಣನಿಗೆ ಹೇಳಿದ್ದು ಹೀಗೆ: “ಕೋಣಕ್ಕೆ ಗೋಣಿ ಹೊದೆಸುವ ಧನಿಗಳೇ, ಗಾಡಿಗೆ ಹೊದೆಸುವುದು ಬೇಡ.”

ಯಾರಿಗಾದರೂ ಒಳಗೆ ತಲೆ ಭಾರವಾದರೆ, ಇಬ್ಬರಿಗೆ ಒಟ್ಟಿಗೆ ವಾಕರಿಕೆ ಬಂದರೆ, ಕಾರಣ ಹುಡುಕುತ್ತ ಕೂರದೆ ಎಲ್ಲರೂ ಮೊದಲು ಹೊರಗೆ ಇಳಿಯಬೇಕು, ಏಳದವರನ್ನು ಎಳೆದು ತರಬೇಕು, 108ಕ್ಕೆ ಕರೆ ಮಾಡಬೇಕು. ಬರಿಯ ಗಾಳಿಯಲ್ಲಿ ರಕ್ತದ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯ ಆಮ್ಲಜನಕದಲ್ಲಿ ಅದು ಒಂದೂವರೆ ಗಂಟೆಯೊಳಗೆ ಆಗುತ್ತದೆ. ಆದ್ದರಿಂದ ಹೊರಗೆ ಬಂದ ಮೇಲೆ ಹುಷಾರಾದೆನೆಂದು ಮತ್ತೆ ಮಲಗುವಂತಿಲ್ಲ. ನಾವು ನಿಲ್ಲುವ ಜಾಗದಲ್ಲಿ ಮೊಬೈಲ್ ಸಿಗ್ನಲ್ ಒಂದು ಮೂಲೆಯಲ್ಲಿ ಮಾತ್ರ ಸಿಗುವುದರಿಂದ, ಗಾಡಿ ನಿಲ್ಲಿಸಿದ ಕೂಡಲೇ ಆ ಮೂಲೆ ಯಾವುದೆಂದು ಎಲ್ಲರಿಗೂ ತೋರಿಸಿಡುತ್ತೇವೆ. ಹಸುಗೂಸುಗಳನ್ನು, ಎದೆಯ ತೊಂದರೆ ಇರುವವರನ್ನು, ತೀರ ವಯಸ್ಸಾದವರನ್ನು ಈ ಸಾಹಸಕ್ಕೆ ಕರೆತರುವುದಿಲ್ಲ. ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಾಗ ಊಟ ಮುಗಿಯುವವರೆಗೆ ನಮ್ಮೊಡನೆ ಹೊರಗಿನ ಬೆಂಕಿಯ ಬಳಿ ಕೂರಿಸಿಕೊಂಡು, ಆಮೇಲೆ ಭಾವನವರ ಜೀಪಿನಲ್ಲಿ ಕೆಳಗಿನ ಮನೆಗೆ ಕಳಿಸಿಕೊಡುತ್ತೇವೆ.